ಕಮ್ಯುನಿಕೇಷನ್ ಓದಿದವರಿಗೆ ಎಚ್-1ಬಿ: ಎಲ್ಲಿ ಹುಡುಕೋದು?

ಅಮೆರಿಕದಲ್ಲಿ ಕಮ್ಯುನಿಕೇಷನ್ ಮಾಸ್ಟರ್ಸ್ ಮುಗಿದಿದೆ, ಒಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಓಡುತ್ತಿದೆ, ಎಚ್-1ಬಿ (ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ) ಮಾತು ಬಂದ ಕೂಡಲೇ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಗಳು ಗಪ್‌ಚಿಪ್ ಆಗುತ್ತವೆ ಅಂದಿರಿ ಅಲ್ವಾ?

ಮೊದಲು ನಿಮ್ಮ ಐ-20ಯಲ್ಲಿ (ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ವೀಸಾ ದಾಖಲೆ) ಸಿಐಪಿ ಕೋಡ್, ಅಂದರೆ ಓದಿದ ವಿಷಯದ ಸಂಖ್ಯೆ, ನೋಡಿ. 09.0702 (ಡಿಜಿಟಲ್ ಕಮ್ಯುನಿಕೇಷನ್) ಆಗಿದ್ದರೆ ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ. ಒಪಿಟಿಯ 12 ತಿಂಗಳ ಮೇಲೆ ಇನ್ನೂ 24 ತಿಂಗಳು ಕೇಳಬಹುದು, ಆದರೆ ಕಂಪನಿ ಇ-ವೆರಿಫೈನಲ್ಲಿ (ನೌಕರರ ಕೆಲಸದ ಅರ್ಹತೆ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆ) ಇರಬೇಕು. ಸ್ಟೆಮ್ ಅಲ್ಲದ ಕೋಡ್ ಆದರೆ ಒಂದೇ ವರ್ಷ.

ಏಜೆನ್ಸಿಗಳ ಹಿಂದೆ ಸುಮ್ನೆ ಅಲೆಯಬೇಡಿ. ನಾನಾಗಿದ್ದರೆ ವಿಶ್ವವಿದ್ಯಾಲಯಗಳನ್ನೇ ಹಿಡಿಯುತ್ತಿದ್ದೆ. ಅವಕ್ಕೆ ಎಚ್-1ಬಿ ಲಾಟರಿಯ (ವರ್ಷದ ಮಿತಿಯೊಳಗೆ ಅರ್ಜಿಗಳನ್ನು ಆರಿಸುವ ಕ್ರಮ) ಗೊಡವೆಯಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಸಂಶೋಧನಾ ಕೇಂದ್ರದ ಸುದ್ದಿಪತ್ರ ಬರೆಯುವವರು, ವಿಜ್ಞಾನ ಬರಹಗಾರರು ಅಲ್ಲಿ ಬೇಕಾಗುತ್ತಾರೆ. ಸಂಬಳ ಏಜೆನ್ಸಿಗಿಂತ ಕಡಿಮೆ ಇರಬಹುದು, ಇರಲಿ ಬಿಡಿ.

ಯಾರು ಸ್ಪಾನ್ಸರ್ ಮಾಡುತ್ತಾರೆ ಅಂತ ಊಹಿಸಬೇಕಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ಎಲ್‌ಸಿಎ (ಎಚ್-1ಬಿಗೆ ಮುಂಚೆ ಕಂಪನಿ ಕೆಲಸ, ಸಂಬಳ ತಿಳಿಸಿ ಹಾಕುವ ಅರ್ಜಿ) ಮಾಹಿತಿಯನ್ನು ಎಕ್ಸೆಲ್ ಫೈಲ್ ಆಗಿ ಹಾಕುತ್ತದೆ. ತುಂಬಾ ಭಾರದ ಫೈಲು, ತೆರೆಯುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತದೆ. ಎಸ್‌ಒಸಿ ಕೋಡ್ (ಉದ್ಯೋಗದ ಬಗೆ ತಿಳಿಸುವ ಸಂಖ್ಯೆ) ಕಾಲಮ್ಮಿನಲ್ಲಿ 27-3031 ಫಿಲ್ಟರ್ ಹಾಕಿ, ಅದು ಪಿಆರ್ ಕೆಲಸ. ಟೆಕ್ನಿಕಲ್ ರೈಟರ್‌ಗೆ 27-3042. ಕಂಪನಿ ಹೆಸರು, ಊರು, ಸಂಬಳ ಎಲ್ಲಾ ಸಿಗುತ್ತದೆ.

ಜಾಹೀರಾತಿನಲ್ಲಿ 'ಯಾವುದೇ ಪದವಿ ಸಾಕು' ಅಂತಿದ್ದರೆ ಹುಷಾರು. ಕೆಲಸಕ್ಕೆ ನಿಮ್ಮ ಓದೇ ಬೇಕು ಅಂತ ತೋರಿಸದಿದ್ದರೆ ಎಚ್-1ಬಿ ಸಿಗುವುದು ಕಷ್ಟ.

ಮತ್ತೆ, ಮೊದಲ ವರ್ಷದ ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಖಾಲಿ ಕೂರುವಂತಿಲ್ಲ. ನಿಮ್ಮದು ಎಷ್ಟು ದಿನ ಆಗಿದೆ?