ವ್ಯಸನಮುಕ್ತಿ ಕೇಂದ್ರದ ಪ್ರಚಾರಕ್ಕೆ ಚೇತರಿಸಿಕೊಂಡವರ ಅನುಭವ ಕೇಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಪ್ರಚಾರದ ಕೆಲಸ ನಿಮ್ಮದು. ಡಿಸ್ಚಾರ್ಜ್ ಆಗಿ ಹೋಗುವ ಪ್ರತಿಯೊಬ್ಬರಿಂದಲೂ ಅದೇ ದಿನ ಎರಡು ನಿಮಿಷದ ವಿಡಿಯೋ ಮಾಡಿಸಿಕೊಳ್ಳಿ ಎಂದು ಮೇಲಿನವರು ಹೇಳಿದ್ದಾರೆ. ಯಾರಿಗೂ ಬೇಸರವಾಗದ ಹಾಗೆ ಅದನ್ನು ಕೇಳುವುದು ಹೇಗೆ ಎಂಬುದು ನಿಮ್ಮ ಚಿಂತೆ.

ನಾನು ಕುಡಿತ ಬಿಟ್ಟು ಹಲವು ವರ್ಷಗಳಾದವು. ಆಮೇಲೆ ಇಂಥದ್ದೇ ಕೇಂದ್ರವೊಂದರಲ್ಲಿ ಪಿಯರ್ ಕೌನ್ಸೆಲರ್, ಅಂದರೆ ತಾನೂ ಆ ದಾರಿಯಲ್ಲಿ ಬಂದು ಬೇರೆಯವರಿಗೆ ನೆರವಾಗುವ ಸಲಹೆಗಾರ, ಆಗಿ ಕೆಲಸ ಮಾಡಿದೆ. ನನ್ನ ಅನುಭವ ಹೇಳಿದ್ದೇನೆ, ಬೇರೆಯವರದನ್ನು ಕೂತು ಕೇಳಿ ಬರೆದುಕೊಂಡಿದ್ದೇನೆ. ಆ ಎರಡೂ ಕಡೆ ಇದ್ದು ಬಂದವನಾಗಿ ಹೇಳುತ್ತೇನೆ: ಡಿಸ್ಚಾರ್ಜ್ ದಿನ ಕೇಳಲೇಬೇಡಿ. ಎಷ್ಟು ನಯವಾಗಿ ಕೇಳಿದರೂ ಅವತ್ತು ಅವರಿಗೆ ಬೇಡ ಅನ್ನಲು ಆಗುವುದಿಲ್ಲ.

ಆ ದಿನ ಅವರ ಸ್ಥಿತಿ ನೋಡಿ. ಮಾತ್ರೆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಮುಂದಿನ ಫಾಲೋ ಅಪ್ ತಾರೀಖು ಎಲ್ಲವೂ ನಿಮ್ಮ ಕೇಂದ್ರದವರ ಕೈಯಲ್ಲಿದೆ. ಕೆಲವರಿಗೆ ಬಿಲ್ ಬಾಕಿ ಇರುತ್ತದೆ. ಮನೆಯವರು ಪಕ್ಕದಲ್ಲೇ ನಿಂತಿರುತ್ತಾರೆ, 'ಇಷ್ಟೆಲ್ಲ ಮಾಡಿದ್ದಾರೆ, ನಾಲ್ಕು ಮಾತು ಹೇಳು' ಅನ್ನುತ್ತಾರೆ. ಮತ್ತೆ ಕಾಲು ಜಾರಿದರೆ ಬರಬೇಕಾದ ಜಾಗವೂ ಇದೇ ಎಂಬುದು ಅವರ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಉಪಕಾರ ಪಡೆದವರ ದಾಕ್ಷಿಣ್ಯ, ಭಯ, ಸಂತೋಷ ಎಲ್ಲ ಕಲಸಿಕೊಂಡಿರುವಾಗ ಬಂದ 'ಸರಿ'ಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಒಬ್ಬ ಹುಡುಗನ ವಿಡಿಯೋ ತೆಗೆಯುವಾಗ ನಾನು ಪಕ್ಕದಲ್ಲಿದ್ದೆ. ಒಂದೊಂದು ವಾಕ್ಯ ಮುಗಿದಾಗಲೂ ಅವನ ಕಣ್ಣು ಕ್ಯಾಮೆರಾ ಬಿಟ್ಟು ಅದರ ಹಿಂದೆ ನಿಂತಿದ್ದ ತನ್ನ ಕೌನ್ಸೆಲರ್ ಕಡೆಗೆ ಹೋಗುತ್ತಿತ್ತು. ಸರಿಯಾಗಿ ಹೇಳಿದೆನಾ ಎಂದು ಕೇಳುವ ನೋಟ ಅದು. ಅವರು ತಲೆಯಾಡಿಸಿದ ಮೇಲೆಯೇ ಮುಂದಿನ ಮಾತು. ಎಡಿಟ್ ಮಾಡಿದ ಮೇಲೆ ಆ ನೋಟಗಳೆಲ್ಲ ಕತ್ತರಿಸಿ ಹೋದವು, ಉಳಿದದ್ದು ನಗುಮುಖದ ಹುಡುಗ. ಆ ವಿಡಿಯೋ ನೋಡಿದವರಿಗೆ ಅವನು ಅನುಮತಿ ಕೇಳುತ್ತ ಮಾತಾಡಿದ್ದು ಗೊತ್ತಾಗುವ ಹಾಗೇ ಇರಲಿಲ್ಲ.

ಹಾಗಾದರೆ ಎಷ್ಟು ದಿನ ಕಾಯಬೇಕು? ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಚಪಲವೊಂದನ್ನು ಬಿಟ್ಟು ಬೇರೆ ರೋಗಲಕ್ಷಣ ಇಲ್ಲದೆ 3 ತಿಂಗಳು ಕಳೆದ ಮೇಲಷ್ಟೇ ಆರಂಭದ ಚೇತರಿಕೆ, 12 ತಿಂಗಳು ದಾಟಿದರೆ ನೆಲೆನಿಂತ ಚೇತರಿಕೆ. ನನ್ನ ಮಟ್ಟಿಗೆ ಒಂದು ವರ್ಷಕ್ಕಿಂತ ಮೊದಲು ಯಾರ ಮುಖವನ್ನೂ ಹೊರಗೆ ತೋರಿಸಬಾರದು. ಮೊದಲ ಕೆಲವು ವಾರ ಎಲ್ಲವೂ ಹಗುರ ಅನ್ನಿಸುತ್ತದೆ, ನಿದ್ದೆ ಬರುತ್ತದೆ, ಊಟ ರುಚಿಸುತ್ತದೆ, ಇನ್ನು ಗೆದ್ದೆ ಎಂಬ ಉತ್ಸಾಹ ಇರುತ್ತದೆ. ಪಿಂಕ್ ಕ್ಲೌಡ್ ಎಂದು ನಮ್ಮವರು ಕರೆಯುವುದು ಇದನ್ನೇ. ಆ ಹೊತ್ತಿನಲ್ಲಿ ಕೇಳಿದರೆ ಎಲ್ಲರೂ ಒಪ್ಪುತ್ತಾರೆ, ಹೆಸರು, ಊರು, ಕೆಲಸ ಎಲ್ಲ ಹೇಳಿಬಿಡುತ್ತಾರೆ. ಸಾಲ, ಮುರಿದ ಸಂಬಂಧ, ಕಳೆದುಕೊಂಡ ಕೆಲಸ ಎದುರಾಗುವುದು ಅದು ಇಳಿದ ಮೇಲೆ.

ಮರುಕಳಿಸುವುದು ಅಪರೂಪವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆಯಾದ ನೈಡಾ ಕೊಡುವ ಅಂದಾಜು ಶೇ. 40ರಿಂದ 60. ರಕ್ತದೊತ್ತಡ, ಆಸ್ತಮಾದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಕಾಣುವುದಕ್ಕಿಂತ ಇದು ಹೆಚ್ಚೇನಲ್ಲ ಎಂದೂ ಅದು ಹೇಳುತ್ತದೆ. ಅಂದರೆ ಇವತ್ತು ವಿಡಿಯೋ ಕೊಟ್ಟವರಲ್ಲಿ ಅನೇಕರು ನಾಳೆ ಮತ್ತೆ ಕುಡಿಯಬಹುದು. ಬಿಪಿ ಏರಿದವನು ಡಾಕ್ಟರ ಹತ್ತಿರ ವಾಪಸು ಹೋಗಲು ನಾಚುವುದಿಲ್ಲ. ನಿಮ್ಮ ಪೇಜಿನ ಮೇಲ್ಭಾಗದಲ್ಲಿ 'ನಾನು ಗೆದ್ದೆ' ಎಂದು ನಗುತ್ತಿರುವ ಮನುಷ್ಯ ನಾಚುತ್ತಾನೆ. 'ನನ್ನ ವಿಡಿಯೋ ಹಾಕಿರೋ ಜಾಗಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ' ಎಂದು ಒಬ್ಬರು ನನ್ನ ಹತ್ತಿರವೇ ಹೇಳಿದ್ದಾರೆ. ಅವರಿಗೆ ಚಿಕಿತ್ಸೆ ಗೊತ್ತಿತ್ತು, ಡಾಕ್ಟರ್ ಗೊತ್ತಿತ್ತು, ದಾರಿ ಗೊತ್ತಿತ್ತು. ವಾಪಸು ಬರುವ ಬಾಗಿಲಿಗೆ ಅವರದೇ ಫೋಟೋ ಅಡ್ಡ ನಿಂತಿತ್ತು. ನಿಮ್ಮ ಕೇಂದ್ರದ ಕೆಲಸ ಜನರನ್ನು ಉಳಿಸುವುದಾದರೆ, ಅದರ ಪ್ರಚಾರ ಒಬ್ಬರನ್ನೂ ಹೀಗೆ ಹೊರಗೆ ನಿಲ್ಲಿಸಬಾರದು. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ.

ಕಾನೂನನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ 42 ಸಿಎಫ್‌ಆರ್ ಪಾರ್ಟ್ 2 ಎಂಬ ನಿಯಮ ಈ ಚಿಕಿತ್ಸೆಗೆಂದೇ ಇದೆ. ಇಂಥವರು ನಮ್ಮಲ್ಲಿ ಚಿಕಿತ್ಸೆ ಪಡೆದಿದ್ದರು ಎಂದು ಹೊರಗೆ ತಿಳಿಸಲು ಸಾಮಾನ್ಯವಾಗಿ ಅವರ ಲಿಖಿತ ಒಪ್ಪಿಗೆ ಬೇಕು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ; ಚಿಕಿತ್ಸೆಯಲ್ಲಿರುವವರ ಫೋಟೋ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು ಅದರ 24ನೇ ಸೆಕ್ಷನ್ ಹೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯಂತೂ ಈಗ ಥೆರಪಿಯಲ್ಲಿ ಇರುವವರ ಬಳಿ ಪ್ರಶಂಸೆಯ ಮಾತು ಕೇಳುವುದನ್ನೇ ನಿಷೇಧಿಸಿದೆ. ಒತ್ತಡಕ್ಕೆ ಸುಲಭವಾಗಿ ಮಣಿಯುವ ಸ್ಥಿತಿಯಲ್ಲಿರುವ ಬೇರೆಯವರಿಗೂ ಅದೇ ಮಾತು ಅನ್ವಯಿಸುತ್ತದೆ. ಮೇಲಿನವರ ಜೊತೆ ವಾದ ಮಾಡುವಾಗ ಇವು ನಿಮ್ಮ ಕೈಯಲ್ಲಿರಲಿ.

ಎಷ್ಟೋ ಕಡೆ ಗಮನಕ್ಕೇ ಬಾರದ ಒಂದು ವಿಷಯವಿದೆ. ಯಾರೋ ಆನ್‌ಲೈನ್‌ನಲ್ಲಿ ನಿಮ್ಮ ಬಗ್ಗೆ ಒಳ್ಳೆಯ ರಿವ್ಯೂ ಹಾಕಿದರು ಅಂದುಕೊಳ್ಳಿ. 'ನೀವು ನಮ್ಮಲ್ಲಿ ಇದ್ದ ದಿನಗಳು ನಮಗೂ ನೆನಪಿವೆ' ಎಂದು ಕೇಂದ್ರದ ಹೆಸರಲ್ಲಿ ಉತ್ತರ ಬರೆದರೆ, ಅವರು ರೋಗಿಯಾಗಿದ್ದರು ಎಂದು ನೀವೇ ಸಾರಿದ ಹಾಗಾಯಿತು. 'ಅಭಿಪ್ರಾಯಕ್ಕೆ ಧನ್ಯವಾದ' ಅಷ್ಟೇ ಸಾಕು.

ಇನ್ನು ಕೇಳುವ ರೀತಿ. ಅವರ ಕೌನ್ಸೆಲರ್, ಡಾಕ್ಟರ್, ವಾರ್ಡನ್ ಯಾರೂ ಕೇಳಕೂಡದು. ಅವರ ಚಿಕಿತ್ಸೆಯಲ್ಲಿ ಕೈಯಿಲ್ಲದ ನೀವೇ ಕೇಳಿ, ಅದೂ ಫೋನಿನಲ್ಲಿ ಹಿಡಿದು ನಿಲ್ಲಿಸಿ ಅಲ್ಲ, ಓದಿಕೊಂಡು ಯೋಚಿಸಲು ಬಿಡುವಂಥ ಒಂದು ಸಣ್ಣ ಪತ್ರ ಬರೆದು. ಲಕೋಟೆಯ ಮೇಲೆ ಕೇಂದ್ರದ ಹೆಸರು ಬೇಡ, ಮನೆಯಲ್ಲಿ ಯಾರು ತೆಗೆದು ನೋಡುತ್ತಾರೋ ಗೊತ್ತಿಲ್ಲ. ನಾನು ಬರೆಯುತ್ತಿದ್ದದ್ದು ಹೆಚ್ಚೂಕಡಿಮೆ ಹೀಗಿರುತ್ತಿತ್ತು: 'ಚಿಕಿತ್ಸೆಗೆ ಬರಲು ಹಿಂಜರಿಯುವವರಿಗೆ ಓದಲು ಕೆಲವರ ಅನುಭವಗಳನ್ನು ಬರೆದಿಡುತ್ತಿದ್ದೇವೆ. ನಿಮಗೆ ಇಷ್ಟವಿದ್ದರೆ ಮಾತ್ರ ಉತ್ತರಿಸಿ. ಉತ್ತರ ಬರದಿದ್ದರೆ ಮತ್ತೆ ಕೇಳುವುದಿಲ್ಲ. ನಿಮ್ಮ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ.' ಕೊನೆಯ ಎರಡು ವಾಕ್ಯಗಳನ್ನು ಬರೆದರೆ ಸಾಲದು, ಪಾಲಿಸಬೇಕು. ಉತ್ತರ ಬರದವರಿಗೆ ನೆನಪಿಸಲು ಹೋಗಬೇಡಿ.

ಫೀಸಿನಲ್ಲಿ ರಿಯಾಯಿತಿ, ಉಡುಗೊರೆ, ಉಚಿತ ಫಾಲೋ ಅಪ್ ಏನನ್ನೂ ಇದಕ್ಕೆ ಗಂಟು ಹಾಕಬೇಡಿ. ಮೊದಲು ಚಿಕಿತ್ಸೆ ಪಡೆದು ಈಗ ಅಲ್ಲೇ ಕೆಲಸಕ್ಕಿರುವವರು ಮಾತಾಡಿದರೆ ಅವರು ನಿಮ್ಮ ನೌಕರರು ಎಂದು ಅಲ್ಲೇ ಬರೆಯಿರಿ. ಹದಿನೆಂಟು ತುಂಬದವರನ್ನು ಬಿಟ್ಟುಬಿಡಿ. ಹೆಂಡತಿ ಅಥವಾ ತಾಯಿ ಮಾತಾಡಲು ಸಿದ್ಧರಿದ್ದರೂ ಅವರು ಹೇಳುವುದು ಇನ್ನೊಬ್ಬರ ಕಾಯಿಲೆಯ ವಿಷಯ, ಹಾಗಾಗಿ ಆ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಬಳಸಬೇಡಿ.

ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿಗೆ ಎಲ್ಲವನ್ನೂ ಸೇರಿಸಬೇಡಿ. ಹೆಸರು, ಮುಖ, ದನಿ, ಬರಹ, ಹಣ ಕೊಟ್ಟು ಹಾಕುವ ಜಾಹೀರಾತು, ಇವಕ್ಕೆ ಬೇರೆ ಬೇರೆ ಸಾಲು, ಬೇರೆ ಬೇರೆ ಸಹಿ. ಒಂದು ವರ್ಷಕ್ಕೆ ಒಪ್ಪಿಗೆ ತಾನಾಗಿ ಮುಗಿಯಲಿ, ಬೇಕಿದ್ದರೆ ಮತ್ತೆ ಕೇಳಿ. ವಾಪಸು ಪಡೆಯಲು ಒಂದು ಮೆಸೇಜ್ ಸಾಕು, ಕಾರಣ ಹೇಳಬೇಕಿಲ್ಲ ಎಂದು ಬರೆಯಿರಿ. ಇದರ ಜೊತೆಗೆ ಕಹಿಯಾದ ಸತ್ಯವನ್ನೂ ತಿಳಿಸಿ: ನಾವು ತೆಗೆದರೂ ಯಾರೋ ಡೌನ್‌ಲೋಡ್ ಮಾಡಿ ಹಂಚಿಕೊಂಡದ್ದನ್ನು ಹಿಂದಕ್ಕೆ ತರಲು ನಮ್ಮಿಂದ ಆಗುವುದಿಲ್ಲ. ಇದನ್ನು ಕೇಳಿ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ. ಬದಲಿಸಿದ ಹೆಸರು, ಬರೀ ಬರಹ, ಇವೇ ನನಗೆ ಹೆಚ್ಚು ಇಷ್ಟ. ಹೆಸರೊಂದನ್ನು ಬದಲಿಸಿ 'ಮೂರು ಮಕ್ಕಳ ತಂದೆ, ಬಸ್ ಡ್ರೈವರ್, ಎಡಗೈಗೆ ಪೆಟ್ಟಾಗಿತ್ತು' ಎಂದೆಲ್ಲ ಬರೆದರೆ ನೆರೆಯವರಿಗೆ ಯಾರೆಂದು ತಿಳಿದೇ ತಿಳಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಬರೆದದ್ದನ್ನು ಅವರಿಗೆ ಓದಲು ಕೊಡಿ, ಎರಡು ದಿನ ಅವರ ಹತ್ತಿರವೇ ಇರಲಿ. ಒಬ್ಬ ಮಹಿಳೆ ಡ್ರಾಫ್ಟ್ ತಂದುಕೊಟ್ಟಾಗ ಅದರಲ್ಲಿ ಒಂದೇ ಒಂದು ಸಾಲಿಗೆ ಪೆನ್ನಿನಿಂದ ಒತ್ತಿ ಒತ್ತಿ ಗೀಟು ಎಳೆದಿದ್ದರು, ಹಾಳೆ ಹರಿಯುವಷ್ಟು. ತಮ್ಮ ಮಗ ಶಾಲೆಯ ಗೇಟಿನಲ್ಲಿ ಕಾಯುತ್ತ ನಿಂತಿದ್ದ ದಿನದ ಸಾಲು ಅದು. ಇಡೀ ಬರಹದಲ್ಲಿ ಓದುಗರ ಮನಸ್ಸು ಕಲಕುವ ಸಾಲೂ ಅದೇ ಆಗಿತ್ತು. 'ಅವನು ದೊಡ್ಡವನಾದ ಮೇಲೆ ಇದನ್ನು ಓದ್ತಾನೆ ಸರ್' ಎಂದರು. ಆ ಸಾಲು ಹೋಯಿತು. ಪ್ರಚಾರದವರಿಗೆ ಕೈಬಿಡಲು ಕಷ್ಟವಾಗುವುದು ಇಂಥ ಸಾಲುಗಳೇ, ಬಿಡಲೇಬೇಕಾದದ್ದೂ ಇವೇ.

ಏನು ಕೇಳಬೇಕು ಅನ್ನುವುದರಲ್ಲಿ ನನಗೆ ಬಹಳ ಆಸಕ್ತಿ. 'ನಮ್ಮ ಕೇಂದ್ರ ನಿಮ್ಮ ಬದುಕನ್ನು ಹೇಗೆ ಬದಲಿಸಿತು' ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಪುನರ್ಜನ್ಮ, ದೇವರಂಥ ಡಾಕ್ಟರು. ಅದನ್ನು ಓದುವವರು ಯಾರು ಎಂದು ಸ್ವಲ್ಪ ಯೋಚಿಸಿ. ಗಂಡ ಕುಡಿದು ಮಲಗಿರುವಾಗ ನಡುರಾತ್ರಿ ಫೋನಿನಲ್ಲಿ ಹುಡುಕುತ್ತಿರುವ ಹೆಂಡತಿ ಇರಬಹುದು, ಕೈ ನಡುಗುತ್ತ ತಾನೇ ಹುಡುಕುತ್ತಿರುವ ಮನುಷ್ಯ ಇರಬಹುದು. ಅವರಿಗೆ ಬೇಕಾದದ್ದು ಬೇರೆ. ಒಳಗೆ ಕೂಡಿಹಾಕುತ್ತಾರಾ? ಹೊಡೆಯುತ್ತಾರಾ? ಮನೆಗೆ ಫೋನ್ ಮಾಡಲು ಬಿಡುತ್ತಾರಾ? ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುತ್ತದಂತೆ, ಆಗ ಡಾಕ್ಟರ್ ಇರುತ್ತಾರಾ? ಮನೆಗೆ ಬಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಹಾಗಾಗಿ 'ಮೊದಲ ರಾತ್ರಿ ಹೇಗಿತ್ತು' ಎಂದು ಕೇಳಿ. ವಿಪರೀತ ಕುಡಿಯುತ್ತಿದ್ದವರು ನಿಲ್ಲಿಸಿದಾಗ ಮೊದಲ ಎರಡು ಮೂರು ದಿನ ನಡುಕ, ಬೆವರು, ನಿದ್ದೆಗೇಡು ಜಾಸ್ತಿ. ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಇಲ್ಲದ ಸದ್ದು ಕೇಳಿಸುತ್ತದೆ. ಜೀವಕ್ಕೆ ಅಪಾಯವಾಗುವುದೂ ಆಗಲೇ. ಆ ಹೊತ್ತಿನಲ್ಲಿ ನರ್ಸ್ ಎಷ್ಟು ಸಲ ಬಂದು ನೋಡಿದರು, ಏನು ಹೇಳಿದರು ಎಂಬ ನಾಲ್ಕು ಮಾತು, ಹತ್ತು 'ಪುನರ್ಜನ್ಮ'ಕ್ಕಿಂತ ಉಪಯೋಗಕ್ಕೆ ಬರುತ್ತವೆ. 'ಯಾವುದು ಕಷ್ಟವಾಯಿತು, ಯಾವುದರಿಂದ ಉಪಯೋಗ ಆಗಲಿಲ್ಲ' ಎಂದೂ ಕೇಳಿ, ಬಂದ ಉತ್ತರವನ್ನೂ ಪ್ರಕಟಿಸಿ. ಕುಡಿದು ಬಿದ್ದ ದಿನಗಳ ವರ್ಣನೆಗೆ ಮಾತ್ರ ಒತ್ತಾಯಿಸಬೇಡಿ. ಬಾಟಲಿ, ಗ್ಲಾಸು, ಸಿರಿಂಜಿನ ಚಿತ್ರ ಬೇಡವೇ ಬೇಡ. ಈಗಷ್ಟೇ ಬಿಟ್ಟವರಿಗೆ ಚಿತ್ರ ನೋಡಿದರೇ ಚಪಲ ಏಳುತ್ತದೆ.

'10 ದಿನದಲ್ಲಿ ಸಂಪೂರ್ಣ ಗುಣ' ಎಂಬಂಥ ಮಾತನ್ನು ರೋಗಿಯೇ ಪ್ರಾಮಾಣಿಕವಾಗಿ ಹೇಳಿದರೂ ಹಾಕಬೇಡಿ. ಹೆರಾಯಿನ್‌ನಂಥ ಓಪಿಯಾಯ್ಡ್ ಬಿಟ್ಟವರಿಗೆ ಇದು ಪ್ರಾಣದ ಪ್ರಶ್ನೆ. ಡಿಟಾಕ್ಸ್, ಅಂದರೆ ಮಾದಕವಸ್ತುವನ್ನು ದೇಹದಿಂದ ಇಳಿಸುವ ಚಿಕಿತ್ಸೆ, ಆದ ಮೇಲೆ ದೇಹದ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಮೊದಲಿನ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಗುಣವಾಯಿತು ಎಂದು ನಂಬಿ ಔಷಧಿ, ಫಾಲೋ ಅಪ್ ಎರಡನ್ನೂ ಬಿಟ್ಟವರು ಹೋಗಿ ತಲುಪುವುದು ಆ ಅಪಾಯದ ಹತ್ತಿರಕ್ಕೇ. ಜಾಹೀರಾತಿನ ನಿಯಮಗಳೂ ಈ ವಿಷಯದಲ್ಲಿ ಬಿಗಿಯಾಗಿವೆ. ಎಲ್ಲರಿಗೂ ಇದೇ ಫಲಿತಾಂಶ ಸಿಗಲಾರದು ಎಂದು ಸಣ್ಣಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುವಂತಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ತನ್ನ ಮಾರ್ಗಸೂಚಿ ಬದಲಿಸಿತು. ಸಾಮಾನ್ಯವಾಗಿ ಏನು ನಿರೀಕ್ಷಿಸಬಹುದೋ ಅದನ್ನೇ ಸ್ಪಷ್ಟವಾಗಿ ಹೇಳಬೇಕು.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸದಸ್ಯರು ಸಿಕ್ಕರೆ ಇನ್ನೊಂದು ಎಚ್ಚರ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆ ಬಳಗದ ಹನ್ನೆರಡು ಸಂಪ್ರದಾಯಗಳಲ್ಲಿ ಹನ್ನೊಂದನೆಯದು, ಪ್ರಚಾರಕ್ಕೆ ಹೋಗದೆ ಆಕರ್ಷಣೆಯಿಂದಲೇ ಜನ ಬರಲಿ, ಮಾಧ್ಯಮಗಳ ಮುಂದೆ ಸದಸ್ಯರ ಹೆಸರು ಗುಟ್ಟಾಗಿರಲಿ ಎನ್ನುತ್ತದೆ. ಅವರು ತಮ್ಮ ಚೇತರಿಕೆಯ ಬಗ್ಗೆ ಮಾತಾಡಬಹುದು, ಆದರೆ ಪೂರ್ತಿ ಹೆಸರು, ಮುಖ ಮತ್ತು ಎ.ಎ. ಸದಸ್ಯತ್ವ ಮೂರನ್ನೂ ಒಂದೇ ಕಡೆ ತರಬೇಡಿ. ಮೀಟಿಂಗ್‌ನಲ್ಲಿ ಶೇರ್ ಮಾಡಿದ್ದನ್ನು ಕೇಳಿಸಿಕೊಂಡು ಬಂದು ಬರೆಯುವುದನ್ನಂತೂ ಕನಸಿನಲ್ಲೂ ಯೋಚಿಸಬೇಡಿ.

ಇಷ್ಟೆಲ್ಲ ಮಾಡಿದರೆ ಡಿಸ್ಚಾರ್ಜ್ ಆದವರಷ್ಟೇ ವಿಡಿಯೋ ಸಿಗುವುದಿಲ್ಲ, ಕೈಬೆರಳಲ್ಲಿ ಎಣಿಸುವಷ್ಟು ಬರಹ ಸಿಗುತ್ತವೆ. ಮೇಲಿನವರು ಒಪ್ಪದಿದ್ದರೆ ಅವರ ಮುಂದೆ ಇನ್ನೊಂದು ಪ್ರಸ್ತಾಪ ಇಡಿ: ಕಳೆದ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನ ಪೂರ್ತಿ ಚಿಕಿತ್ಸೆ ಪಡೆದರು, ಆರು ತಿಂಗಳಾದ ಮೇಲೆ ಫೋನಿಗೆ ಸಿಕ್ಕವರು ಎಷ್ಟು, ಅವರಲ್ಲಿ ಕುಡಿಯದೆ ಇರುವವರು ಎಷ್ಟು. ಫೋನಿಗೆ ಸಿಗದವರನ್ನು ಲೆಕ್ಕದಿಂದ ಹೊರಗಿಡಬಾರದು, ಯಾಕೆಂದರೆ ಮತ್ತೆ ಶುರು ಮಾಡಿದವರೇ ಹೆಚ್ಚಾಗಿ ಫೋನ್ ಎತ್ತುವುದಿಲ್ಲ. ಜೊತೆಗೆ ಡಾಕ್ಟರ್ ಎಷ್ಟು ಹೊತ್ತು ಇರುತ್ತಾರೆ, ಮನೆಯವರು ಯಾವಾಗ ಭೇಟಿ ಮಾಡಬಹುದು, ಖರ್ಚು ಎಷ್ಟು, ದೂರು ಯಾರಿಗೆ ಕೊಡಬೇಕು ಎಂದು ಹಾಕಿ. ಮನೆಯವರನ್ನು ಸೇರಿಸಲು ಬಂದವರು ನನ್ನ ಹತ್ತಿರ ಮೊದಲು ಕೇಳುತ್ತಿದ್ದದ್ದು ಇವನ್ನೇ.

ಈಗಾಗಲೇ ಹಾಕಿರುವ ವಿಡಿಯೋಗಳಿದ್ದರೆ ಈ ವಾರವೇ ಎಲ್ಲವನ್ನೂ ಇಳಿಸಿ. ಆಮೇಲೆ ಒಬ್ಬೊಬ್ಬರಿಗೂ ಪತ್ರ ಬರೆದು, ಮತ್ತೆ ಹಾಕಬೇಕೋ ಬೇಡವೋ ಎಂದು ಕೇಳಿ. ಅವರಲ್ಲಿ ಯಾರಾದರೂ ಮತ್ತೆ ಕುಡಿಯುತ್ತಿದ್ದಾರೆ ಎಂದು ಗೊತ್ತಾದರೆ ಆ ಪತ್ರ ಬೇಡ. ವಿಡಿಯೋ ಹೋಗಿದೆ, ಬೆಡ್ ಇದೆ, ಯಾವಾಗ ಬೇಕಾದರೂ ಬನ್ನಿ ಎಂದು ಅವರಿಗೆ ನಂಬಿಕೆಯಿರುವ ಕೌನ್ಸೆಲರ್ ಕೈಯಲ್ಲಿ ಫೋನ್ ಮಾಡಿಸಿ.