ಶೂ ಹೊಸದಾಗಿದ್ದರೆ ಕಾಡಿಗೆ ಬೇಡ

ಪ್ರಶ್ನೆ: ನಾವು ಕಾರವಾರದವರು. ದೀಪಾವಳಿ ರಜೆಯಲ್ಲಿ ಜೋಯಿಡಾ ಕಡೆಯ ಕಾಡಿನಲ್ಲಿ ಗೈಡ್ ಜೊತೆ ಒಂದು ದಿನದ ನಡಿಗೆಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, 10 ವರ್ಷದ ಮಗಳು, 61 ವರ್ಷದ ಅಮ್ಮ. ಅಮ್ಮನಿಗೆ ಬಿಪಿ ಇದೆ, ಮಂಡಿನೋವೂ ಸ್ವಲ್ಪ ಇದೆ. ಎಲ್ಲರಿಗೂ ಹೊಸ ಟ್ರೆಕ್ಕಿಂಗ್ ಶೂ ತರಿಸಬೇಕೆಂದಿದ್ದೇನೆ. ಮಗಳಿಗೆ ಉಂಬಳದ (ಜಿಗಣೆ) ಹೆದರಿಕೆ, ನನಗೆ ಹಾವಿನದು. ಏನು ತಯಾರಿ ಬೇಕು? ಡಿಸೆಂಬರ್‌ಗೆ ಮುಂದೂಡಿದರೆ ಒಳ್ಳೆಯದಾ?

ಉತ್ತರ (ಶಿರಸಿಯ ಒಬ್ಬ ಅನುಭವಿ ಗೈಡ್): ಶೂ ತರಿಸುವುದಾದರೆ ಇವತ್ತೇ ತರಿಸಿ, ದಿನಾ ಸಂಜೆ ಬೀಚಿನ ಕಡೆ ಅದನ್ನೇ ಹಾಕಿಕೊಂಡು ತಿರುಗಿ. ಟೈಮಿಲ್ಲದಿದ್ದರೆ ಹಳೇ ಶೂನೇ ಸಾಕು. ಹೊಸ ಶೂ ಹಾಕಿ ಬಂದವರನ್ನು ಮಧ್ಯಾಹ್ನದ ಹೊತ್ತಿಗೆ ನಾನು ದೂರದಿಂದಲೇ ಗುರುತಿಸುತ್ತೇನೆ, ಕುಂಟುತ್ತಿರುತ್ತಾರೆ. ಎಷ್ಟೋ ನಡಿಗೆಗಳನ್ನು ಅರ್ಧಕ್ಕೆ ನಿಲ್ಲಿಸಿದ್ದು ಹಿಮ್ಮಡಿಯ ಬೊಬ್ಬೆ. ಹಾವು ನಿಲ್ಲಿಸಿದ್ದು ನನಗಂತೂ ನೆನಪಿಲ್ಲ. ಅಡಿ ಸವೆದ ಶೂ ಮಾತ್ರ ಬೇಡ, ಹಳ್ಳದ ಕಲ್ಲಿನ ಪಾಚಿ ಬಿಡುವುದಿಲ್ಲ. ಜೀನ್ಸ್ ಕೂಡ ಬೇಡ. ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗುವುದಿಲ್ಲ.

ಮಗಳ ಹೆದರಿಕೆಗೆ ಬರೋಣ. ದೀಪಾವಳಿ ಹೊತ್ತಿಗೂ ನೆಲದಲ್ಲಿ ಪಸೆ ಇರುತ್ತದೆ, ಉಂಬಳವೂ ಇರುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಒತ್ತಾಗಿ ನೇಯ್ದ ಬಟ್ಟೆಯ, ಮಂಡಿವರೆಗೆ ಬರುವ ಉಂಬಳದ ಸಾಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಹಿಂದಿನಿಂದಲೂ ಉಪ್ಪಿನ ಗಂಟು, ಸುಣ್ಣ, ತಂಬಾಕಿನ ನೀರು ಬಳಸುತ್ತಾರೆ. ಉಂಬಳ ಹತ್ತುವ ಮೊದಲು ಸಾಕ್ಸಿಗೆ ತಾಗಿಸಿದರೆ ಸರಿ. ಕಚ್ಚಿಕೊಂಡ ಮೇಲೆ ಉಪ್ಪು ಸುರಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ಬಾಯಿ ಇರುವ ತುದಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಹಾಗಾಗಿ ಒಂದಿಷ್ಟು ಹೊತ್ತು ರಕ್ತ ಸೋರುತ್ತದೆ, ನೋಡುವುದಕ್ಕೆ ಗಾಬರಿ ಅಷ್ಟೇ. ತೊಳೆದು, ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನಾಲ್ಕು ದಿನ ತುರಿಸುತ್ತದೆ, ಕೆರೆಯಬಾರದು. ಇದನ್ನೆಲ್ಲ ಮಗಳಿಗೆ ಮನೆಯಲ್ಲೇ ಹೇಳಿಡಿ. ಗೊತ್ತಿರುವ ಮಕ್ಕಳು ಕಾಡಿನಲ್ಲಿ ಉಂಬಳ ಎಣಿಸುತ್ತಾರೆ, ಅಳುವುದು ಅಪ್ಪಂದಿರು.

ಅಮ್ಮ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಬಿಪಿ ಮಾತ್ರೆ ಬಗ್ಗೆಯೂ ಕೇಳಿ. ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ, ಜೊತೆಗೆ ಬೆವರೂ ಹೋದರೆ ತಲೆ ಸುತ್ತುತ್ತದೆ. ಕರಾವಳಿಯವರಿಗೆ ಬೆವರು ಹೊಸದಲ್ಲ. ಆದರೆ ನಿಮಗೆ ಕಡಲ ಗಾಳಿ ಇದೆ, ಕಾಡೊಳಗೆ ಅದಿಲ್ಲ. ದೊಡ್ಡವರಿಗೆ ತಲಾ ಎರಡು ಲೀಟರ್ ನೀರು ಇರಲಿ, ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಿ. ನೀವು ಕೋಕಂ ಅಂತೀರಿ, ನಾವು ಮುರುಗಲು. ಅದಕ್ಕೆ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಒಂದು ಬಾಟಲಿ ತನ್ನಿ. ಅಮ್ಮನ ಪಾಲಿಗೆ ಉಪ್ಪು ಬೇಡ.

ಮಂಡಿಗೆ ಏರಿಗಿಂತ ಇಳಿಜಾರು ಕಷ್ಟ. ಕೈಗೊಂದು ದೊಣ್ಣೆ ಬೇಕೇ ಬೇಕು. ಗೈಡ್‌ಗೆ ಈಗಲೇ ಫೋನ್ ಮಾಡಿ ಅಮ್ಮನ ವಿಷಯ ಹೇಳಿ. ಅರ್ಧದಲ್ಲಿ ವಾಪಸ್ ಬರುವ ದಾರಿ ಇದೆಯಾ? ಅರಣ್ಯ ಇಲಾಖೆಯ ಅನುಮತಿ ಆಗಿದೆಯಾ? ಫೋನ್ ಸಿಗ್ನಲ್ ಎಲ್ಲಿವರೆಗೆ? ಅಲ್ಲಿನ ಕಾಡು ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ‘ಅದೆಲ್ಲ ನಾವು ನೋಡ್ಕೋತೀವಿ’ ಎನ್ನುವ ಗೈಡ್‌ಗಿಂತ, ನಿಮಗೇ ತಿರುಗಿ ನಾಲ್ಕು ಪ್ರಶ್ನೆ ಕೇಳುವ ಗೈಡ್ ವಾಸಿ.

ಹಾವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿದ್ದ ಮರ ದಾಟುವಾಗ ಮೊದಲು ಆಚೆ ಬದಿ ನೋಡಿ, ಆಮೇಲೆ ಕಾಲಿಡಿ. ಕಾಣದ ಕಡೆ ಕೈ ಇಡಬೇಡಿ. ಗುಳಿಮಂಡಲದಂಥ ಹಾವು ಕಲ್ಲು, ಕೊಂಬೆಯ ಮೇಲೆ ಅಲ್ಲಾಡದೆ ಕೂತಿರುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲು ಅಲುಗಿಸದಂತೆ ಹೊತ್ತುಕೊಂಡು ಬಂದು ನೇರ ಆಸ್ಪತ್ರೆಗೆ. ಅಂದಹಾಗೆ ಸೆಂಟ್ ಹಾಕಿಕೊಂಡು ಬರಬೇಡಿ, ಹೆಜ್ಜೇನು ಕೆರಳುತ್ತದೆ.

ಡಿಸೆಂಬರ್‌ಗೆ ಮುಂದೂಡಿದರೆ ಉಂಬಳ ಕಮ್ಮಿಯಾಗುತ್ತದೆ, ನಿಜ. ಆದರೆ ಆಗಲೇ ರಕ್ತ ಹೀರುವ ಉಣ್ಣೆ ಹುಳು ಶುರು. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ನಮ್ಮ ಜಿಲ್ಲೆಗೂ, ಅದರಲ್ಲೂ ಸಿದ್ದಾಪುರದವರಿಗೆ, ಚೆನ್ನಾಗಿ ಪರಿಚಯ. ಆ ತಿಂಗಳಲ್ಲಿ ಬಂದರೆ ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಮನೆಗೆ ಹೋದಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಹೇಳಿ. ನನ್ನನ್ನು ಕೇಳಿದರೆ ದೀಪಾವಳಿಯೇ ಇರಲಿ. ಉಂಬಳ ಕಣ್ಣಿಗಾದರೂ ಕಾಣುತ್ತದೆ, ಉಣ್ಣೆಯ ಮರಿ ಕಾಣುವುದೇ ಕಷ್ಟ.

ಇನ್ನೊಂದು ಮರೆತಿದ್ದೆ. ಕದ್ರಾ ದಾಟಿದ ಮೇಲೆ ಅಣಶಿ ಘಟ್ಟದ ತಿರುವುಗಳಿವೆ. ಮಗಳಿಗೆ ವಾಂತಿಯ ಅಭ್ಯಾಸವಿದ್ದರೆ ಬೆಳಗ್ಗೆ ಬನ್ಸ್ ಬೇಡ, ಎರಡು ಇಡ್ಲಿ ಸಾಕು. ಕಿಟಕಿ ಪಕ್ಕ ಕೂರಿಸಿ, ಕೈಗೆ ಮೊಬೈಲ್ ಕೊಡಬೇಡಿ.