ಪ್ರತಿಕ್ರಿಯೆ: ಹಿರಿಯರು ಮೂರನೇ ವಾರಕ್ಕೇ ಬರದಿರಲು ಕಾರಣ

ಕೊಡಗಿನ ಪೊನ್ನಂಪೇಟೆ ಕಡೆ ಹೈಸ್ಕೂಲ್ ಮಕ್ಕಳಿಂದ ಹಿರಿಯರಿಗೆ ಮೊಬೈಲ್ ಕಲಿಸುವ ಶನಿವಾರದ ಕೂಟವನ್ನು ಜನವರಿಯಲ್ಲಿ ಶುರುಮಾಡಿದಿರಿ, ಮೂರನೇ ವಾರಕ್ಕೆ ಹಿರಿಯರೇ ಇಲ್ಲ ಅಂದಿದ್ದೀರಿ. ತಿಂಗಳೇ ತಪ್ಪು. ಆಗ ರೋಬಸ್ಟಾ ಕಾಫಿಯ ಕೊಯ್ಲು; ಕಣದಲ್ಲಿ ಒಣಹಾಕಿದ ಕಾಫಿ ಕಾಯುವವರು ಮನೆಯ ಹಿರಿಯರೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟು ನಂಬುವಂತಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿಸಿ, ಸೆಪ್ಟೆಂಬರ್ ಮಧ್ಯದಿಂದ ಭತ್ತದ ಸುಗ್ಗಿ ಹಬ್ಬ ಹುತ್ತರಿಯವರೆಗೆ ನಡೆಸಿ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಎಪ್ಪತ್ತು ದಾಟಿದವರನ್ನು ವಾರವಾರವೂ ಬರೀ ವಿದ್ಯಾರ್ಥಿ ಮಾಡಿ ಕೂರಿಸಿದರೆ ಯಾರು ಬರುತ್ತಾರೆ? ಒಂದೂವರೆ ಗಂಟೆಯಲ್ಲಿ ಮೊದಲ 45 ನಿಮಿಷ ಹಿರಿಯರು ಕಲಿಸಲಿ: ದುಡಿ (ಕೊಡವರ ಪುಟ್ಟ ವಾದ್ಯ) ಬಾರಿಸುವುದು, ನೂಪುಟ್ಟಿನ (ಅಕ್ಕಿ ಶಾವಿಗೆ) ಹಿಟ್ಟಿನ ಹದ, ಕಳಲೆಯನ್ನು (ಎಳೆ ಬಿದಿರು) ತೆಳ್ಳಗೆ ಹೆಚ್ಚಿ ದಿನವೂ ನೀರು ಬದಲಿಸಿ ನೆನೆಹಾಕಿ, ಬೇಯಿಸಿ ಬಸಿಯುವುದು. ನೆನೆಸುವುದೇಕೆಂದು ಕೇಳುವ ಮಕ್ಕಳಿಗೆ ಹಸಿ ಕಳಲೆಯ ಸಯನೈಡ್ ಅಂಶದ ಬಗ್ಗೆ ವಿಜ್ಞಾನದ ಮೇಷ್ಟ್ರು ಹೇಳಲಿ.

ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು. ಒಬ್ಬರು ರಜೆ ಹಾಕಿದರೂ ಜೋಡಿ ಮುರಿಯದು. ಪ್ರತಿ ವಾರ ಅದೇ ಜೋಡಿ. ಶೀಟಿನ ಛಾವಣಿಯ ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಕಿವಿ ಮಂದವಾದವರಿಗೆ ಏನೂ ಕೇಳಿಸದು, ಅವರು ಸುಮ್ಮನೆ ತಲೆಯಾಡಿಸುತ್ತಾರೆ. ಜೋಡಿಗಳನ್ನು ಮೂಲೆಗಳಿಗೆ, ಜಗಲಿಗೆ ಹಂಚಿ. ಕೈಯಿರುವ ಕುರ್ಚಿಯೇ ಬೇಕು, ಬೆಂಚು ಬೇಡ.

ಮೊಬೈಲ್‌ನಲ್ಲಿ ದಿನಕ್ಕೆ ಒಂದೇ ಕೆಲಸ. ಮೊದಲು ಅಕ್ಷರ ದೊಡ್ಡದು ಮಾಡುವುದು, ಆಮೇಲೆ ವಿಡಿಯೋ ಕಾಲ್. ಫೋನ್ ಹಿರಿಯರ ಕೈಯಲ್ಲೇ ಇರಲಿ. ಮಕ್ಕಳು ಕಿತ್ತುಕೊಂಡು ಒತ್ತಿಬಿಡುವುದೇ ಮಾಮೂಲಿ ಕಾಯಿಲೆ. ಹಣ ಕಳಿಸುವುದನ್ನು ಮಕ್ಕಳಿಂದ ಕಲಿಸಬೇಡಿ, ಪಿನ್ ಅವರ ಕಣ್ಣಿಗೆ ಬೀಳಬಾರದು. ಸೈಬರ್ ವಂಚನೆಯ ಸಹಾಯವಾಣಿ 1930 ಮಾತ್ರ ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿ.